ಕಡತ ಅಂದರೆ ಬರೀ ಫೈಲಲ್ಲ

(ಪ್ರಾಥಮಿಕ ಶಾಲಾ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು. ಆಡುವಾಗ ಹಿಂದುಮುಂದಾದದ್ದನ್ನು ಬರೆಯುವಾಗ ಸ್ವಲ್ಪ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯ ‘ದೇಸಿ ಜ್ಞಾನ ಮತ್ತು ಶಿಕ್ಷಣದ ನಿರ್ವಸಾಹತೀಕರಣ’ ಎಂದು ಅಚ್ಚಾಗಿದೆ. ಆಳಿದವರು ಬಿಟ್ಟುಹೋದ ಅಚ್ಚಿನಿಂದ ಓದನ್ನು ಬಿಡಿಸುವುದು ಅಂತ ಅದರ ಅರ್ಥ. ನಿನ್ನೆ ರಾತ್ರಿ ಆ ಕೊನೆಯ ಪದವನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಮೂರನೇ ಸಲಕ್ಕೆ ನಾಲಿಗೆ ಹೊರಳಿತು. ಊರಿನವರ ತಿಳಿವಳಿಕೆಯ ಬಗ್ಗೆ ಮಾತಾಡುವುದಕ್ಕೆ ಊರಲ್ಲಿ ಯಾರ ಬಾಯಿಗೂ ಹತ್ತದ ಪದವೇ ಬೇಕಾ ಅಂತ ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಆ ಪದವನ್ನು ಬದಿಗಿಟ್ಟು, ನಿಮಗೆಲ್ಲ ಗೊತ್ತಿರುವ ಒಂದು ಪದದಿಂದ ಶುರು ಮಾಡುತ್ತೇನೆ. ಕಡತ.

ಕಡತ ಅಂದರೆ ಫೈಲು ಅಂತೀರಿ. ತಪ್ಪಲ್ಲ. ನಾಳೆ ನೀವು ನೌಕರಿಗೆ ಸೇರಿದ ಮೇಲೆ ‘ಕಡತ ಮೇಲಕ್ಕೆ ಹೋಗಿದೆ’, ‘ಕಡತ ಸಿಕ್ಕುತ್ತಿಲ್ಲ’ ಅನ್ನುವುದನ್ನು ವಾರಕ್ಕೆ ನಾಲ್ಕು ಸಲ ಕೇಳುತ್ತೀರಿ. ಆದರೆ ಈ ಪದ ಕಚೇರಿಗೆ ಬರುವುದಕ್ಕೂ ಮೊದಲು ಅಂಗಡಿಯಲ್ಲಿತ್ತು, ಮಠದಲ್ಲಿತ್ತು, ಐಗಳ, ಅಂದರೆ ಹಳ್ಳಿಯ ಮೇಷ್ಟ್ರ, ಜಗಲಿಯಲ್ಲಿ ಮಕ್ಕಳ ತೊಡೆಯ ಮೇಲಿತ್ತು. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಇದ್ದಿಲ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಯೇ ಕಡತ. ಅದರ ಮೇಲೆ ಬಳಪದಿಂದ ಬರೆಯಬೇಕು. ಬೇಡವಾದಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಬಳಪ ಅಂದರೆ ಮೆತ್ತನೆಯ ಬಳಪದ ಕಲ್ಲಿನ ತುಂಡು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೆತ್ತಿದ್ದೂ ಅದೇ ಜಾತಿಯ ಕಲ್ಲನ್ನೇ. ಶೃಂಗೇರಿ ಮಠದಲ್ಲಿ ಹಳೆಯ ಲೆಕ್ಕಪತ್ರದ ಕಡತಗಳು ಇವತ್ತಿಗೂ ಇವೆ.

ಬರೆಯುವ ಹಲಗೆಗೆ ಇದ್ದ ಹೆಸರು ಕಟ್ಟಿಡುವ ಕಾಗದಕ್ಕೆ ಹೋಯಿತು. ಕಡತ ಮಕ್ಕಳ ತೊಡೆಯ ಮೇಲಿದ್ದ ಆ ಕಾಲದ ಶಾಲೆ ಹೇಗಿತ್ತು ಅನ್ನುವುದಕ್ಕೆ ನಮ್ಮ ಬಳ್ಳಾರಿಯಲ್ಲೇ ಒಂದು ಸಾಕ್ಷಿ ಇದೆ.

1822ರ ಜೂನ್ 25ರಂದು ಮದರಾಸಿನ ಗವರ್ನರ್ ಥಾಮಸ್ ಮನ್ರೊ ಒಂದು ಟಿಪ್ಪಣಿ ಬರೆದ. ಇಲ್ಲಿಯ ಜನರ ಅಜ್ಞಾನದ ಬಗ್ಗೆ ಇಂಗ್ಲೆಂಡಿನಲ್ಲೂ ಇಲ್ಲೂ ಬೇಕಾದಷ್ಟು ಬರೆದಿದ್ದಾರೆ, ಆದರೆ ಅದೆಲ್ಲ ಊಹೆ, ಯಾರ ಹತ್ತಿರವೂ ದಾಖಲೆ ಇಲ್ಲ ಎಂಬುದು ಅದರ ಸಾರ. ಆಮೇಲೆ ಎಲ್ಲ ಕಲೆಕ್ಟರರಿಗೂ ಪತ್ರ ಹೋಯಿತು: ನಿಮ್ಮ ಜಿಲ್ಲೆಯಲ್ಲಿ ಶಾಲೆ ಎಷ್ಟು, ಮಕ್ಕಳೆಷ್ಟು, ಯಾವ ಜಾತಿ, ಏನು ಕಲಿಯುತ್ತಾರೆ, ಲೆಕ್ಕ ಕೊಡಿ. ಹೆಚ್ಚಿನವರು ಪಟ್ಟಿ ತುಂಬಿ ಕಳಿಸಿ ಕೈತೊಳೆದುಕೊಂಡರು. ಸರಕಾರಿ ನೌಕರಿಯಲ್ಲಿರುವವರಿಗೆ ಆ ಮನಸ್ಥಿತಿ ವಿವರಿಸಬೇಕಾಗಿಲ್ಲ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ ಕೂತು ಬರೆದ. ತೆಲುಗು ವ್ಯಾಕರಣ ಬರೆದ ಮನುಷ್ಯ, ಭಾಷೆಯ ಕಿವಿ ಇದ್ದವನು. ಅವನ ವರದಿಯ ತಾರೀಖು 1823ರ ಆಗಸ್ಟ್ 17.

ಆಗಿನ ಬಳ್ಳಾರಿ ಜಿಲ್ಲೆ ಅಂದರೆ ಇವತ್ತಿನ ಅನಂತಪುರವೂ ಸೇರಿ. ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡದ್ದು 235, ತೆಲುಗಿನದು 226, ಮರಾಠಿ ಮತ್ತು ಸಂಸ್ಕೃತದ್ದು ತಲಾ 23, ಪಾರಸಿ 21, ತಮಿಳು 4. ಇಂಗ್ಲಿಷ್ ಶಾಲೆ ಒಂದೇ ಒಂದು. ಮಕ್ಕಳು ಒಟ್ಟು 6,641.

ಸಂಖ್ಯೆಗಳನ್ನು ಮತ್ತೆ ನೋಡೋಣ. ಅದಕ್ಕೂ ಮೊದಲು ಕ್ಯಾಂಬೆಲ್ ಕಂಡ ಒಂದು ಬೆಳಗನ್ನು ನೋಡಿ. ಶಾಲೆ ಶುರುವಾಗುವುದು ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಐಗಳು ಸರಸ್ವತಿಯ ಹೆಸರು ಬರೆಯುತ್ತಾರೆ. ಅದು ಮರ್ಯಾದೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಅಂತ ಅರ್ಥ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಐದನೆಯವನಿಗೆ ಮೂರು. ಹೀಗೆ ಏರುತ್ತಾ ಹೋಗುತ್ತದೆ. ಹನ್ನೆರಡನೆಯವನ ಗತಿ ಏನು ಅಂತ ನಾನು ಲೆಕ್ಕ ಹಾಕಿ ನೋಡಿದೆ, ಹತ್ತು ಏಟು. ಒಂದು ಶಾಲೆಯಲ್ಲಿ ಸರಾಸರಿ ಹನ್ನೆರಡೇ ಮಕ್ಕಳಿದ್ದರು ಅನ್ನುವುದೇ ಸಮಾಧಾನ.

ನನಗೆ ಏಟಿಗಿಂತ ಆ ಸೊನ್ನೆ ಇಷ್ಟ. ನಮ್ಮಲ್ಲಿ ಸೊನ್ನೆ ಅಂದರೆ ಅವಮಾನ. ಉತ್ತರ ಪತ್ರಿಕೆಯ ಮೇಲೆ ಕೆಂಪು ಸೊನ್ನೆ ಸುತ್ತುವಾಗ ನಮ್ಮ ಕೈ ಕೂಡ ಸ್ವಲ್ಪ ಜೋರಾಗಿಯೇ ತಿರುಗುತ್ತದೆ. ಆ ಐಗಳ ಕೈಯಲ್ಲಿ ಸೊನ್ನೆಗೆ ಸೊನ್ನೆಯದೇ ಬೆಲೆ ಇತ್ತು. ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಇನ್ನು ಪಾಠ. ಮೊದಲು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಹಲಗೆ ಅಥವಾ ಕಡತ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ, ಹೇಳಿಕೊಡುತ್ತಾ ತಮ್ಮದನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ. ಇದನ್ನು ಕ್ಯಾಂಬೆಲ್ ಮನಸ್ಸು ತುಂಬಿ ಹೊಗಳಿದ್ದಾನೆ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಅಂತ ಸೇರಿಸಿದ್ದಾನೆ. ಅನುಕರಿಸಿದವನು ಆಂಡ್ರೂ ಬೆಲ್ ಎಂಬ ಪಾದ್ರಿ. ಮದರಾಸಿನ ಸೈನಿಕರ ಅನಾಥ ಮಕ್ಕಳ ಶಾಲೆಯ ಉಸ್ತುವಾರಿಯಲ್ಲಿದ್ದಾಗ ಇಲ್ಲಿಯ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೆ ತಂದ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಮಾಡಿದ. ಅಲ್ಲಿ ಅದು ‘ಮದರಾಸು ಪದ್ಧತಿ’ ಎಂದು ಹೆಸರಾಗಿ ಬಡವರ ಶಾಲೆಗಳಿಗೆಲ್ಲ ಹಬ್ಬಿತು. 1995ರ ಸುಮಾರಿಗೆ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ, ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ಒಬ್ಬರಿಂದ ಒಬ್ಬರು ಕಲಿಯುವುದನ್ನು ನಾವು ‘ನವೀನ ಬೋಧನಾ ವಿಧಾನ’ ಅಂತ ತರಬೇತಿಯಲ್ಲಿ ಬರೆದುಕೊಂಡೆವು. ನಾನೂ ಬರೆದುಕೊಂಡೆ. ಆ ನೋಟ್ಸು ಇನ್ನೂ ಇದೆ.

ನಾನು ಗಣಿತದ ಮೇಷ್ಟ್ರು. ಹಾಗಾಗಿ ಕ್ಯಾಂಬೆಲ್ಲನ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಮಾತು. ಈ ಶಾಲೆಗಳಲ್ಲಿ ಭಿನ್ನರಾಶಿಗೆ ಬಹಳ ಶ್ರಮ ಹಾಕುತ್ತಾರೆ, ಆದರೆ ನಮ್ಮ ದಶಮಾಂಶದ ಹಾಗೆ ಹತ್ತು ಹತ್ತಾಗಿ ಅಲ್ಲ, ನಾಲ್ಕು ನಾಲ್ಕಾಗಿ ಒಡೆಯುತ್ತಾ ಹೋಗುತ್ತಾರೆ ಅಂತ.

ಒಂದರ ಕಾಲು ಭಾಗ ಹಾಗ. ಹಾಗದ ಕಾಲು ಭಾಗ ವೀಸ, ಅಂದರೆ ಹದಿನಾರರಲ್ಲಿ ಒಂದು. ವೀಸದ ಕಾಲು ಭಾಗ ಕಾಣಿ, ಅರವತ್ತನಾಲ್ಕರಲ್ಲಿ ಒಂದು. ‘ಕಾಣಿಯಷ್ಟೂ ಬಿಡಲ್ಲ’ ಅನ್ನುವಾಗ ಅಜ್ಜಿಯಂದಿರು ಸುಮ್ಮನೆ ಹೇಳುತ್ತಿರಲಿಲ್ಲ, ಅದಕ್ಕೊಂದು ಅಳತೆ ಇತ್ತು. ಸೇರು, ಅಚ್ಚೇರು, ಪಾವು, ಚಟಾಕು, ಎಲ್ಲ ಅರ್ಧ ಮಾಡು, ಮತ್ತೆ ಅರ್ಧ ಮಾಡು ಅನ್ನುವ ಲೆಕ್ಕ. ತಕ್ಕಡಿ ಹಿಡಿದವನಿಗೆ ಹತ್ತು ಸಮಭಾಗ ಮಾಡುವುದು ಕಷ್ಟ, ಅರ್ಧ ಮಾಡುವುದು ಸುಲಭ. ಎರಡು ತಟ್ಟೆ ಸಮ ಆದರೆ ಅರ್ಧ ಆಯಿತು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂಕಾಲರ ಮಗ್ಗಿ ಹುಟ್ಟಿದ್ದು ಆ ತಕ್ಕಡಿಯಿಂದ. 1957ರ ಏಪ್ರಿಲ್‌ನಲ್ಲಿ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು, ಹಿಂದೆಯೇ ಕಿಲೋ ಬಂತು. ಅದು ಬೇಕಾಗಿತ್ತು. ಅದರ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರು ಬೇರೆ ಇದೆ, ಅದು ನನ್ನ ಮೇಲೆಯೇ.

ನಾನು ಆರನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತಿದ್ದ ವರ್ಷ. ಪರೀಕ್ಷೆಯಲ್ಲಿ 24 × 1.25 ಎಷ್ಟು ಅಂತ ಕೊಟ್ಟಿದ್ದೆ, ಮೂರು ಅಂಕಕ್ಕೆ. ಒಬ್ಬ ಹುಡುಗಿ ಬರೀ ‘30’ ಅಂತ ಬರೆದಿದ್ದಳು. ಗುಣಾಕಾರದ ಸಾಲುಗಳಿಲ್ಲ, ಬಿಂದು ಸರಿಸಿದ ಗುರುತಿಲ್ಲ. ಪಕ್ಕದವಳದನ್ನು ನೋಡಿ ಬರೆದಿದ್ದಾಳೆ ಅಂದುಕೊಂಡು ಸೊನ್ನೆ ಸುತ್ತಿದೆ. ಆ ಶನಿವಾರ ಸಂತೆಯಲ್ಲಿ ನೋಡಿದರೆ ಅವಳೇ ತಾಯಿಯ ಪಕ್ಕ ಗೋಣಿಚೀಲದ ಮೇಲೆ ಕೂತು ಹಸಿಮೆಣಸಿನಕಾಯಿ ಮಾರುತ್ತಿದ್ದಾಳೆ. ಕೆಜಿಗೆ 24 ರೂಪಾಯಿ. ನನಗೆ ಏನನ್ನಿಸಿತೋ, ಒಂದೂಮುಕ್ಕಾಲು ಕೆಜಿ ಕೊಡಮ್ಮ ಅಂದೆ. ಮನೆಯಲ್ಲಿ ಇಬ್ಬರೇ ಇರುವುದು, ಅಷ್ಟು ಮೆಣಸಿನಕಾಯಿ ಏನು ಮಾಡುವುದು ಅಂತ ಆಮೇಲೆ ಬೈಸಿಕೊಂಡೆ. ಅವಳು ತಕ್ಕಡಿಯಿಂದ ಕಣ್ಣೂ ಎತ್ತದೆ, “ಎರಡು ಕೆಜಿಗೆ ನಲವತ್ತೆಂಟು, ಕಾಲ್ ಕೆಜಿದು ಆರು ತೆಗೀರಿ, ನಲವತ್ತೆರಡು ಕೊಡ್ರಿ ಸರ್” ಅಂದಳು.

ನಾನು ಕೇಳಿದೆ, “24 ಗುಣಿಸು 1.75 ಎಷ್ಟವ್ವಾ?”

ಅವಳ ಮುಖ ಬದಲಾಯಿತು. ತಾಯಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, “ಅದು ಸಾಲಿ ಲೆಕ್ಕ ಅಲ್ಲೇನ್ರೀ ಸರ್” ಅಂದಳು.

ಈ ಒಂದು ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಸಾಲಿ ಲೆಕ್ಕ ಬೇರೆ, ಸಂತಿ ಲೆಕ್ಕ ಬೇರೆ. ಒಂದು ಲೆಕ್ಕದಲ್ಲಿ ಅವಳು ಜಾಣೆ, ಇನ್ನೊಂದರಲ್ಲಿ ದಡ್ಡಿ, ಉತ್ತರ ಮಾತ್ರ ಎರಡಕ್ಕೂ ಒಂದೇ. ಇದು ನಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಬ್ರೆಜಿಲ್‌ನ ರೆಸೀಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಐದು ಮಕ್ಕಳ ಲೆಕ್ಕಾಚಾರವನ್ನು ನೋಡಿದ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದಾಗ ನೂರಕ್ಕೆ 98ರಷ್ಟು ಉತ್ತರ ಸರಿ. ಅದೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ 37.

ನನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನ್ನಿಸುತ್ತದೆ. ಆ ಉದ್ದನೆಯ ಪದವನ್ನು ಊರ ಮಾತಿಗೆ ಇಳಿಸಿದರೆ ಇಷ್ಟೇ: ಯಾರಿಗೆ ಗೊತ್ತಿರುವುದನ್ನು ನಾವು ‘ಗೊತ್ತಿದೆ’ ಅಂತ ಒಪ್ಪುತ್ತೇವೆ? ಬ್ರಿಟಿಷರು ಹೋದರು, ಆದರೆ ಈ ಪ್ರಶ್ನೆಗೆ ಅವರು ಬಿಟ್ಟುಹೋದ ಉತ್ತರವನ್ನೇ ನಾನು ಆ ಸೊನ್ನೆಯಲ್ಲಿ ಬರೆದಿದ್ದೆ.

ಮೆಕಾಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿಯವರಿಗೆ ಇಂಗ್ಲಿಷ್ ಶಿಕ್ಷಣವೇ ಬೇಕು ಎಂದ 1835ರ ಅವನ ಟಿಪ್ಪಣಿ ನಿಮ್ಮ ಸಿಲಬಸ್ಸಿನಲ್ಲೇ ಇದೆ, ಅವನನ್ನು ಬೈಯುವುದು ಈಗ ಸುಲಭದ ಕೆಲಸ. ಆದರೆ ಬಳ್ಳಾರಿಯ ಐಗಳ ಶಾಲೆಗಳು ಅವನಿಗೂ ಮೊದಲೇ ಸಾಯತೊಡಗಿದ್ದವು, ಅವುಗಳನ್ನು ಕೊಂದದ್ದು ಒಂದು ಟಿಪ್ಪಣಿಯಲ್ಲ. ಕ್ಯಾಂಬೆಲ್ ಕಾರಣವನ್ನೂ ಬರೆದಿದ್ದಾನೆ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕೈ ಬರಿದಾಯಿತು. ಹಳೆಯ ಪಾಳೆಗಾರರ, ದೇಸಿ ಅಧಿಕಾರಿಗಳ ಕೈಯಲ್ಲಿದ್ದ ಹಣ ಯುರೋಪಿಯನ್ನರ ಕೈಗೆ ಹೋಗಿ ದೇಶದಿಂದ ಹೊರಕ್ಕೆ ಹರಿಯಿತು. ಮಗುವನ್ನು ಶಾಲೆಗೆ ಕಳಿಸುವ ಶಕ್ತಿ ಮನೆಗಳಿಗೆ ಉಳಿಯಲಿಲ್ಲ. ಹಿಂದೆ ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಅನ್ನುತ್ತಾನೆ. ಈ 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲ ಅಂತ ಹೇಳಲು ನಾಚಿಕೆಯಾಗುತ್ತದೆ ಅಂತಲೂ ಬರೆದ. ಈಸ್ಟ್ ಇಂಡಿಯಾ ಕಂಪನಿಯ ನೌಕರ ಕಂಪನಿಗೇ ಬರೆದದ್ದು ಇದು. ಸಾಕ್ಷಿಯಾಗಿ ಇದಕ್ಕಿಂತ ಗಟ್ಟಿಯಾದದ್ದು ಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ‘ನಮ್ಮಲ್ಲಿ ಎಲ್ಲ ಇತ್ತು, ಅವರು ಹಾಳು ಮಾಡಿದರು’ ಅನ್ನುವ ಭಾಷಣಕ್ಕೆ ಈಗ ಒಳ್ಳೆಯ ಮಾರುಕಟ್ಟೆ ಇದೆ. ಆದರೆ ಅದೇ ವರದಿಯ ಸಂಖ್ಯೆಗಳನ್ನು ಆಮೇಲೆ ನೋಡೋಣ ಅಂದಿದ್ದೆನಲ್ಲ.

ಸಾವಿರ ಜನಕ್ಕೆ ಏಳು ಮಕ್ಕಳು ಶಾಲೆಯಲ್ಲಿದ್ದರು. ಅಷ್ಟೇ. ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಗಳವರು 1,174, ಮುಸಲ್ಮಾನರು 243. ಓದು ಬ್ರಾಹ್ಮಣರಿಗೆ ಮಾತ್ರ ಇತ್ತು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ‘ಇತರ ಜಾತಿಗಳು’ ಎಂಬ ಆ ಒಂದು ಅಂಕಣದೊಳಗೆ ಯಾರಿದ್ದರು, ಹೊಲಗೇರಿಯ ಮಗು ಒಂದಾದರೂ ಇತ್ತೇ ಅನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ಮತ್ತೆ ಹುಡುಗಿಯರು? ಆರು ಸಾವಿರದ ಆರುನೂರು ಚಿಲ್ಲರೆ ಮಕ್ಕಳಲ್ಲಿ ಅರವತ್ತು. ಈ ಸಭಾಂಗಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳೇ ಕೂತಿದ್ದೀರಿ. ನನ್ನ ಮೆಣಸಿನಕಾಯಿ ಹುಡುಗಿಗೆ ಆ ಜಗಲಿಯ ಮೇಲೆ ಜಾಗ ಸಿಗುತ್ತಿತ್ತೇ?

ಕಲಿಸುತ್ತಿದ್ದುದನ್ನೂ ನೋಡಿ. ಲಿಂಗವಂತರ ಮಕ್ಕಳಿಗೆ ಗಿರಿಜಾಕಲ್ಯಾಣ, ಚೆನ್ನಬಸವಪುರಾಣ, ಕಸುಬುದಾರರ ಮಕ್ಕಳಿಗೆ ವಿಶ್ವಕರ್ಮಪುರಾಣ. ಎಲ್ಲ ಪದ್ಯ, ಎಲ್ಲ ಬಾಯಿಪಾಠ. ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಸಂಬಂಧವೇ ಇಲ್ಲ, ಮಕ್ಕಳು ಗಿಣಿಯ ಹಾಗೆ ಒಪ್ಪಿಸುತ್ತಾರೆ, ಅರ್ಥ ಗೊತ್ತಿಲ್ಲ ಅಂತ ಕ್ಯಾಂಬೆಲ್ ದೂರಿದ್ದಾನೆ. ದೂರು ನ್ಯಾಯವಾದದ್ದೇ. ಅಲ್ಲೂ ಒಂದು ‘ಸಾಲಿ ಲೆಕ್ಕ’ ಇತ್ತು ಅಂತಾಯಿತು.

ಹಾಗಂತ ಇಂಗ್ಲಿಷರ ಶಾಲೆ ಎಲ್ಲರಿಗೂ ಬಾಗಿಲು ತೆರೆಯಿತೇ? 1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಅಂತ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ ಜಾತಿಯ ಒಬ್ಬ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗಿದೆ ಅಂತ ಸರಕಾರವೂ ಒಪ್ಪಿತು. ಆದರೆ ಒಬ್ಬನಿಗಾಗಿ ಉಳಿದವರನ್ನು ಎದುರು ಹಾಕಿಕೊಳ್ಳಲಾಗದು ಅಂತ ಕೈಚೆಲ್ಲಿತು. ನಾನು ಆ ಅರ್ಜಿಯನ್ನು ನೆನೆದಾಗಲೆಲ್ಲ ಅಂದುಕೊಳ್ಳುತ್ತೇನೆ, ಅರ್ಜಿ ಹಾಕುವಷ್ಟು ಧೈರ್ಯ ಆ ಕಾಲದಲ್ಲಿ ಆ ಹುಡುಗನಿಗೆ ಎಲ್ಲಿಂದ ಬಂತೋ.

ಹೀಗಾಗಿ ಹಳೆಯದಕ್ಕೆ ಆರತಿ ಎತ್ತುವುದು ನನ್ನಿಂದಾಗದು. ಆರತಿಯಲ್ಲಿ ಇನ್ನೊಂದು ತೊಂದರೆ ಇದೆ. ದೇವರ ಕೋಣೆಯಲ್ಲಿಟ್ಟ ಪುಸ್ತಕವನ್ನು ಯಾರೂ ಬಿಚ್ಚಿ ಓದುವುದಿಲ್ಲ. 2020ರ ಶಿಕ್ಷಣ ನೀತಿ ಭಾರತೀಯ ಜ್ಞಾನ ಪರಂಪರೆಯ ಬಗ್ಗೆ ಹೇಳುವಾಗ ಬುಡಕಟ್ಟು ಜನರ ಜ್ಞಾನವನ್ನೂ ಹೆಸರಿಸಿ ಸೇರಿಸಿದೆ. ಆದರೆ ಶಾಲೆಯ ಗೋಡೆಗೆ ಬರುವಷ್ಟರಲ್ಲಿ ಅದು ನಾಲ್ಕು ಋಷಿಗಳ ಚಿತ್ರವಾಗಿರುತ್ತದೆ. ಚಿತ್ರದಲ್ಲಿರುವವರನ್ನು ಪ್ರಶ್ನೆ ಕೇಳಲಾಗದು. ಬದುಕಿರುವವರನ್ನು ಕೇಳಬಹುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ತೆಗೆದುಕೊಳ್ಳಿ. ಅವರಲ್ಲಿ ‘ತರಗು ಬೆಂಕಿ’ ಅಂತ ಒಂದು ರೂಢಿ ಇತ್ತು. ಚಳಿಗಾಲ ಮುಗಿಯುತ್ತಿದ್ದ ಹಾಗೆ, ಹುಲ್ಲು ಪೂರ್ತಿ ಒಣಗುವ ಮೊದಲೇ, ನೆಲದ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಡುವುದು. ಮೊಣಕಾಲೆತ್ತರದ ಬೆಂಕಿ, ಸರಸರ ಓಡಿ ಆರಿಹೋಗುವಂಥದ್ದು. ಅರಣ್ಯ ಕಾನೂನಿನ ಕಣ್ಣಿಗೆ, 1878ರ ಕಾಯಿದೆಯ ಕಾಲದಿಂದಲೂ, ಕಾಡಿಗೆ ಬೆಂಕಿ ಇಟ್ಟವನು ಅಪರಾಧಿ. 1974ರಲ್ಲಿ ಆ ಬೆಟ್ಟದ ಕಾಡು ವನ್ಯಜೀವಿ ಧಾಮವಾದ ಮೇಲೆ ತರಗು ಬೆಂಕಿ ನಿಂತೇಹೋಯಿತು. ಆಮೇಲೇನಾಯಿತು ಅಂತ ಸೋಲಿಗರನ್ನು ಕೇಳಿದರೆ ಹೇಳುತ್ತಾರೆ: ಲಂಟಾನ ಆಳೆತ್ತರ ಬೆಳೆಯಿತು, ನೆಲದಲ್ಲಿ ಹುಲ್ಲಿಲ್ಲ, ನೆಲ್ಲಿಮರದ ಮೇಲೆಲ್ಲ ಉಪ್ಪಿಲು ಹತ್ತಿತು. ಉಪ್ಪಿಲು ಅಂದರೆ ನಾವು ಬಂದಳಿಕೆ ಅನ್ನುವ ಗಿಡ, ಬೇರೆ ಮರದ ಕೊಂಬೆಗೆ ಬೇರಿಳಿಸಿ ಅದರ ರಸ ಕುಡಿದು ಬದುಕುವಂಥದ್ದು. ಬೇಸಿಗೆಯಲ್ಲಿ ಈಗ ಬೆಂಕಿ ಬಿದ್ದರೆ ಒಣಗಿದ ಲಂಟಾನ ಮೇಲಿನವರೆಗೂ ಉರಿದು ಮರವೇ ಹೋಗುತ್ತದೆ. ಅಂದಹಾಗೆ ಲಂಟಾನ ಕೂಡ ಬ್ರಿಟಿಷರು ಅಂದಕ್ಕೆಂದು ತಂದು ನೆಟ್ಟ ಹೂವಿನ ಗಿಡ.

ಇದನ್ನು ಸಂಶೋಧಕರು ಸೋಲಿಗರ ಜೊತೆ ಕಾಡಲ್ಲಿ ನಡೆದು ದಾಖಲಿಸಿದ್ದಾರೆ. ಕೆಲವನ್ನು ಒಪ್ಪಿದ್ದಾರೆ, ಕೆಲವಕ್ಕೆ ಇನ್ನೂ ಅಳತೆ ಬೇಕು ಅಂದಿದ್ದಾರೆ. ನನಗೆ ಬೇಕಾದದ್ದು ಇದೇ. ಕಾಡಿನವನ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕಲಿಲ್ಲ, ಋಷಿವಾಕ್ಯ ಅಂತ ಕೈಮುಗಿಯಲೂ ಇಲ್ಲ. ಇನ್ನೊಬ್ಬ ತಿಳಿದವನ ಮಾತನ್ನು ಹೇಗೆ ಪರೀಕ್ಷಿಸುತ್ತೇವೋ ಹಾಗೆ ಪರೀಕ್ಷಿಸಿದರು. 2011ರಲ್ಲಿ ಅಲ್ಲಿಯ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ ತೆಗೆಯುವ ಹಕ್ಕು ಕಾಗದದ ಮೇಲೆ ಬಂತು. ಆದರೆ ಆ ಪೋಡಿನ ಮಗು ಆಶ್ರಮ ಶಾಲೆಯಲ್ಲಿ ‘ಕಾಡ್ಗಿಚ್ಚು’ ಪಾಠ ಓದುವಾಗ, ಬೆಂಕಿಯಿಂದ ಕಾಡು ನಾಶವಾಗುತ್ತದೆ ಅಂತಲೇ ಬರೆಯಬೇಕು. ಅಜ್ಜ ಹೇಳಿದ್ದನ್ನು ಬರೆದರೆ ಆ ಮಗುವಿಗೂ ನನ್ನಂಥವನೊಬ್ಬ ಸೊನ್ನೆ ಸುತ್ತುತ್ತಾನೆ.

ನೀವು ಶಾಲೆಗೆ ಹೋದ ಮೇಲೆ ದೊಡ್ಡದೇನೂ ಮಾಡಬೇಕಾಗಿಲ್ಲ. ಮೊದಲ ತಿಂಗಳು ಊರಿನ ಸಂತೆಗೆ ಹೋಗಿ. ನಿಮ್ಮ ಮಕ್ಕಳಲ್ಲಿ ಯಾರ್‍ಯಾರು ಎಲ್ಲೆಲ್ಲಿ ಕೂತಿದ್ದಾರೆ, ಯಾವ ಅಳತೆಯಲ್ಲಿ ಮಾರುತ್ತಾರೆ ನೋಡಿ. ಹೂವನ್ನು ಇನ್ನೂ ಮೊಳದಲ್ಲೇ ಮಾರುತ್ತಾರೆ. ಯಾರ ಮೊಳ ಅನ್ನುವ ಜಗಳವನ್ನೇ ಒಂದು ಪಾಠ ಮಾಡಬಹುದು, ಅಳತೆಗೆ ಒಂದು ಮಾನ ಯಾಕೆ ಬೇಕಾಯಿತು ಅನ್ನುವುದು ಅಲ್ಲಿಂದಲೇ ಹೊರಡುತ್ತದೆ. ಕಾಲು, ಅರೆ, ಮುಕ್ಕಾಲಿನಿಂದ ಹೊರಟು 0.25, 0.5, 0.75ಕ್ಕೆ ಬನ್ನಿ. ನಾನು ತಿರುಗಾ ಮುರುಗಾ ಮಾಡಿದ್ದೆ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಇಲ್ಲಿ ಸೇರಿಸುತ್ತೇನೆ.

ಮೊದಲನೆಯವರು, ಹಾಗಾದರೆ ಇಂಗ್ಲಿಷ್ ಬೇಡ ಅಂತೀರಾ ಸರ್ ಅಂತ ಕೇಳಿದರು. ಇಲ್ಲ. ಕೂಲಿ ಮಾಡುವ ತಾಯಿ ನನ್ನ ಮಗಳಿಗೆ ಇಂಗ್ಲಿಷ್ ಬರಬೇಕು ಅಂದಾಗ ಅವಳಿಗೆ ದೇಸಿ ಜ್ಞಾನದ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ನನ್ನ ಮಗ ಓದಿದ್ದೂ ಇಂಗ್ಲಿಷಿನಲ್ಲೇ. ಆ ಮಗುವಿಗೆ ಇಂಗ್ಲಿಷೂ ಬರಲಿ, 1.75ನ್ನು ಕಾಗದದ ಮೇಲೆ ಗುಣಿಸುವುದೂ ಬರಲಿ. ಅದಕ್ಕಾಗಿ ಅವಳ ತಕ್ಕಡಿಯನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರಬೇಕು ಅನ್ನಬೇಡಿ ಅಂದೆ.

ಎರಡನೆಯವಳು ಕೊನೆಯ ಸಾಲಿನಲ್ಲಿ ಕೂತಿದ್ದ ಹುಡುಗಿ. ಅವಳು ಕೇಳಿದ್ದು ಇಷ್ಟೇ: “ಸರ್, ಆ ಮೂರು ಅಂಕ ಆಮೇಲೆ ಕೊಟ್ರಾ?”

ಕೊಡಲಿಲ್ಲ. ನಾನು ಸಂತೆಯಿಂದ ಬಂದು ಸೋಮವಾರ ಶಾಲೆಗೆ ಹೋಗ್ತಾನೇ ಆ ಉತ್ತರ ಪತ್ರಿಕೆ ಹುಡುಕಿದೆ. ಅಷ್ಟರಲ್ಲಿ ಅಂಕಪಟ್ಟಿಗೆ ಸಹಿ ಬಿದ್ದು ಅದು ಕಡತ ಸೇರಿತ್ತು.